ಲ್ಯಾಪ್‌ಟಾಪಿನ ಬಿಸಿ ಎತ್ತ ಹೋಗುತ್ತದೆ?

ಕಾಲೇಜಿಗೆ ಸೇರುವ ವಿದ್ಯಾರ್ಥಿಗಳು ಲ್ಯಾಪ್‌ಟಾಪು ಕೊಳ್ಳಲು ಹೊರಟಾಗ ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕು: ಬೆಲೆ ಎಷ್ಟು, ವೇಗ ಎಷ್ಟು, ಮೆಮೊರಿ ಎಷ್ಟು, ತೂಕ ಎಷ್ಟು. ಐದನೆಯ ಪ್ರಶ್ನೆಯೊಂದುಂಟು, ಅದನ್ನು ಕೇಳುವವರು ವಿರಳ. ಯಂತ್ರದೊಳಗೆ ಹುಟ್ಟುವ ಬಿಸಿ ಎತ್ತ ಹೋಗುತ್ತದೆ? ಮನೆಯವರು ಕೂಡಿಟ್ಟ ಹಣದಿಂದ ಒಮ್ಮೆ ಕೊಂಡು ನಾಲ್ಕೈದು ವರ್ಷ ಬಾಳಿಸಬೇಕಾದ ವಸ್ತುವಿದು. ಬೇಸಗೆಯ ಮಧ್ಯಾಹ್ನ ಅದು ಕೆಲಸದ ನಡುವೆ ಕುಂಟತೊಡಗುವುದೆ, ಅಂಗೈಗೆ ಚುರುಕು ಮುಟ್ಟಿಸುವುದೆ, ತೊಡೆಯ ಚರ್ಮಕ್ಕೆ ಕೇಡು ತರುವುದೆ, ಅದರ ಬ್ಯಾಟರಿ ಬೇಗ ಮುಪ್ಪಾಗುವುದೆ ಎಂಬುದೆಲ್ಲ ಈ ಐದನೆಯ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಉತ್ತರವನ್ನು ಕಂಡುಕೊಳ್ಳಲು ಪ್ರೌಢಶಾಲೆಯಲ್ಲಿ ಕಲಿತ ಉಷ್ಣಶಾಸ್ತ್ರವೇ ಬಹುಮಟ್ಟಿಗೆ ಸಾಕು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಬಿಸಿಯಾಗದ ಲ್ಯಾಪ್‌ಟಾಪು ಎಂಬ ವಸ್ತುವೇ ಇಲ್ಲ. 1798ರಲ್ಲಿ ಕೌಂಟ್ ರಮ್‌ಫರ್ಡ್ ಮ್ಯೂನಿಕ್ ನಗರದ ಕಾರ್ಖಾನೆಯಲ್ಲಿ ಫಿರಂಗಿಯ ನಳಿಗೆಗಳನ್ನು ಕೊರೆಯುವಾಗ ಕಂಡ ಶಾಖದ ವಿಷಯವಾಗಿ ಬರೆದುದನ್ನೂ, 1840ರ ದಶಕದಲ್ಲಿ ಜೌಲನು ಕೆಲಸಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಅಳೆದುದನ್ನೂ ವಿದ್ಯಾರ್ಥಿಗಳು ಬಲ್ಲರು. ಬಾವಿಯ ಮೋಟಾರು ವಿದ್ಯುತ್ತನ್ನು ನುಂಗಿ ನೀರನ್ನು ಮೇಲಕ್ಕೆ ಎತ್ತುತ್ತದೆ. ನುಂಗಿದ ಶಕ್ತಿಯ ಒಂದು ಪಾಲಾದರೂ ತೊಟ್ಟಿಯ ನೀರಿನಲ್ಲಿ ಉಳಿದಿರುತ್ತದೆ. ಲೆಕ್ಕ ಮಾಡುವ ಯಂತ್ರವಾದರೋ ಏನನ್ನೂ ಎತ್ತುವುದಿಲ್ಲ, ಎಳೆಯುವುದಿಲ್ಲ. ತೆರೆಯಿಂದ ಹೊರಡುವ ಅಲ್ಪ ಬೆಳಕು, ಒಂದಿಷ್ಟು ಸದ್ದು, ರೇಡಿಯೊ ಅಲೆಗಳು - ಇವನ್ನು ಬಿಟ್ಟರೆ ಅದು ಬಳಸಿದ ವಿದ್ಯುಚ್ಛಕ್ತಿಯೆಲ್ಲ ಅಲ್ಲಿಯೇ ಶಾಖವಾಗುತ್ತದೆ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದುವು. ಅದು 150 ಕಿಲೋವ್ಯಾಟಿನಷ್ಟು ವಿದ್ಯುತ್ತನ್ನು ಬಳಸುತ್ತಿತ್ತು. ಎಂದರೆ ನೂರೈವತ್ತು ವಿದ್ಯುತ್ ಒಲೆಗಳನ್ನು ಒಂದೇ ಕೋಣೆಯಲ್ಲಿ ಉರಿಸಿದಂತೆ. ಇಂದಿನ ಲ್ಯಾಪ್‌ಟಾಪು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಲೆಕ್ಕವನ್ನು ಕೆಲವೇ ವ್ಯಾಟುಗಳಲ್ಲಿ ಮಾಡಿ ಮುಗಿಸುತ್ತದೆ, ನಿಜ. ಆದರೆ ಆ ಕೆಲವು ವ್ಯಾಟುಗಳು ಹುಟ್ಟುವುದು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ.

ಇದರ ತೀವ್ರತೆಯನ್ನು ಒಂದು ಹೋಲಿಕೆಯಿಂದ ಅರಿಯಬಹುದು. ಮನೆಯ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರು. ಸಾಮರ್ಥ್ಯ 1,000 ವ್ಯಾಟು. ಚದರ ಸೆಂಟಿಮೀಟರಿಗೆ 5 ವ್ಯಾಟಾಯಿತು. ಬಲವಾದ ಲ್ಯಾಪ್‌ಟಾಪಿನ ಪ್ರೊಸೆಸರು ಸುಮಾರು 2 ಚದರ ಸೆಂಟಿಮೀಟರಿನ ಸಿಲಿಕಾನ್ ಬಿಲ್ಲೆ. ಅದರಲ್ಲಿ 45 ವ್ಯಾಟು ಹುಟ್ಟುವುದು ಸಾಮಾನ್ಯ. ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಇದು ಇಸ್ತ್ರಿ ಪೆಟ್ಟಿಗೆಯ ನಾಲ್ಕು ಪಟ್ಟಿಗೂ ಮಿಗಿಲು. ಇಂಥದನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರದೊಳಗೆ ಅಡಗಿಸಿದ್ದಾರೆ. (ಲ್ಯಾಪ್‌ಟಾಪು ಎಂಬ ಹೆಸರಿನ ಅರ್ಥವೇ ತೊಡೆಯ ಮೇಲಿನದು ಎಂದು. ತಯಾರಕರು ತಮ್ಮ ಕೈಪಿಡಿಗಳಲ್ಲಿ ನೋಟ್‌ಬುಕ್ ಎಂಬ ಹೆಸರನ್ನು ಮೆಚ್ಚುವುದು ಜಾಣತನವೇ ಸರಿ.)

ಈ ಬಿಸಿ ಹುಟ್ಟುವ ಬಗೆಯನ್ನು ತಿಳಿದರೆ ಕೊಳ್ಳುವಾಗ ಬಹಳ ಪ್ರಯೋಜನವಾಗುವುದು. ಚಿಪ್ಪಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳಿವೆ. 2020ರಲ್ಲಿ ಆಪಲ್ ಕಂಪನಿ ಹೊರತಂದ ಎಂ1 ಎಂಬ ಚಿಪ್ಪಿನಲ್ಲಿ ಅವುಗಳ ಸಂಖ್ಯೆ 1,600 ಕೋಟಿ. ಪ್ರತಿಯೊಂದು ಟ್ರಾನ್ಸಿಸ್ಟರೂ ಅದಕ್ಕೆ ಅಂಟಿದ ತಂತಿಗಳೂ ಸೇರಿ ಒಂದು ಪುಟ್ಟ ಕಂಡೆನ್ಸರಿನಂತೆ ವರ್ತಿಸುತ್ತವೆ. ಸೊನ್ನೆಯನ್ನು ಒಂದಾಗಿಸುವಾಗ ಈ ಕಂಡೆನ್ಸರು ವಿದ್ಯುದಂಶವನ್ನು ತುಂಬಿಕೊಳ್ಳುತ್ತದೆ. ಒಂದನ್ನು ಸೊನ್ನೆಯಾಗಿಸುವಾಗ ಚೆಲ್ಲುತ್ತದೆ. ತುಂಬುವಾಗಲೂ ಚೆಲ್ಲುವಾಗಲೂ ಶಾಖ ಹುಟ್ಟುತ್ತದೆ. ಕಂಡೆನ್ಸರಿನಲ್ಲಿ ನಿಲ್ಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದು ಪಠ್ಯಪುಸ್ತಕದ ಮಾತು. ಆದುದರಿಂದ ಚಿಪ್ಪಿನ ಶಾಖವು ಸೆಕೆಂಡಿಗೆ ಎಷ್ಟು ಸಲ ತುಂಬಿ ಚೆಲ್ಲುತ್ತದೆ ಎಂಬ ಆವೃತ್ತಿಯನ್ನು ಸರಳವಾಗಿಯೂ, ವೋಲ್ಟೇಜನ್ನು ವರ್ಗವಾಗಿಯೂ ಅನುಸರಿಸುತ್ತದೆ.

ಇಲ್ಲಿಯೇ ಇರುವುದು ತೊಡಕು. ಆವೃತ್ತಿಯನ್ನು ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೇಗವನ್ನು ನೂರಕ್ಕೆ 20ರಷ್ಟು ಹೆಚ್ಚಿಸಲು ವೋಲ್ಟೇಜನ್ನು ನೂರಕ್ಕೆ 15ರಷ್ಟು ಏರಿಸಬೇಕಾಯಿತೆಂದು ಇಟ್ಟುಕೊಳ್ಳೋಣ. 1.2ನ್ನು 1.15ರ ವರ್ಗದಿಂದ ಗುಣಿಸಿ ನೋಡಿರಿ, 1.59 ಬರುತ್ತದೆ. ಐದನೆಯ ಒಂದು ಪಾಲು ವೇಗಕ್ಕೆ ಅರ್ಧಕ್ಕಿಂತ ಹೆಚ್ಚು ಶಾಖದ ದಂಡ! ಟ್ರಾನ್ಸಿಸ್ಟರು ಕಿರಿದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಈ ದಂಡದಿಂದ ಪಾರಾಗಬಹುದೆಂದು 1974ರಲ್ಲಿ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು ತೋರಿಸಿದ್ದರು. ಮೂವತ್ತು ವರ್ಷ ಆ ದಾರಿ ನಡೆಯಿತು. ಆಮೇಲೆ ವೋಲ್ಟೇಜು ಇಳಿಯಲು ಒಪ್ಪಲಿಲ್ಲ. 2004ರಲ್ಲಿ ಇಂಟೆಲ್ ಕಂಪನಿ ತನ್ನ ಮುಂದಿನ ಅತಿವೇಗದ ಪೆಂಟಿಯಂ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಕೋರುಗಳನ್ನಿಡುವ ಕಡೆಗೆ ತಿರುಗಿತು. ಅದನ್ನು ತಡೆದ ಗೋಡೆ ಶಾಖದ್ದೇ.

ಈಗ ಅಂಗಡಿಗೆ ಬರೋಣ. ಪ್ರೊಸೆಸರಿನ ವಿವರಪಟ್ಟಿಯಲ್ಲಿ ವ್ಯಾಟುಗಳ ಎರಡು ಅಂಕಿಗಳು ಇರುವುದುಂಟು: ಒಂದು ಮೂಲ ಸಾಮರ್ಥ್ಯ, ಇನ್ನೊಂದು ಗರಿಷ್ಠ ಸಾಮರ್ಥ್ಯ. 2022ರಲ್ಲಿ ಬಂದ ಇಂಟೆಲಿನ ಎರಡು ಪ್ರೊಸೆಸರುಗಳನ್ನು ಉದಾಹರಣೆಗೆ ಹಿಡಿಯೋಣ. 1235ಯು ಎಂಬುದಕ್ಕೆ ಮೂಲ 15 ವ್ಯಾಟು, ಗರಿಷ್ಠ 55. 12700ಎಚ್ ಎಂಬುದಕ್ಕೆ ಮೂಲ 45, ಗರಿಷ್ಠ 115. ಜಾಹೀರಾತಿನಲ್ಲಿ ಮೆರೆಯುವ ವೇಗ ಗರಿಷ್ಠದ್ದು. ಅದು ಕೆಲವು ಸೆಕೆಂಡುಗಳದೋ ಒಂದೆರಡು ನಿಮಿಷಗಳದೋ ಮಾತು. ಅರ್ಧ ಗಂಟೆ ಬಿಡದೆ ದುಡಿಸಿದಾಗ ಯಂತ್ರ ಎಷ್ಟು ವ್ಯಾಟನ್ನು ತಾಳಬಲ್ಲುದು ಎಂಬುದನ್ನು ನಿರ್ಧರಿಸುವುದು ಪ್ರೊಸೆಸರಲ್ಲ, ಅದರ ಸುತ್ತಲಿರುವ ತಾಮ್ರ, ಫ್ಯಾನು ಮತ್ತು ಗಾಳಿಯ ಕಿಂಡಿಗಳು. ಒಂದೇ ಹೆಸರಿನ ಪ್ರೊಸೆಸರು ಒಂದು ಯಂತ್ರದಲ್ಲಿ ಚುರುಕಾಗಿಯೂ ಇನ್ನೊಂದರಲ್ಲಿ ಮಂದವಾಗಿಯೂ ಇರುವ ಗುಟ್ಟು ಇದೇ. ಕಾಗದದಷ್ಟು ತೆಳ್ಳಗೆಂದು ಹೊಗಳಿಸಿಕೊಳ್ಳುವ ಒಡಲಿನಲ್ಲಿ 45 ವ್ಯಾಟಿನ ಪ್ರೊಸೆಸರನ್ನು ತುಂಬಿರುವುದನ್ನು ಕಂಡರೆ, ಆ ಹೆಚ್ಚಿನ ಬೆಲೆ ನೀರಿನಲ್ಲಿ ಹಾಕಿದ ಹಣವೆಂದು ನಮ್ಮ ಅಭಿಪ್ರಾಯ.

ವಿವರಪಟ್ಟಿ ಸಿಗದಿದ್ದರೆ ಸುಲಭವಾದ ಸಾಕ್ಷಿಯೊಂದು ಪೆಟ್ಟಿಗೆಯಲ್ಲಿಯೇ ಇದೆ. ಚಾರ್ಜರಿನ ಮೇಲೆ ಅಂಟಿಸಿದ ಚೀಟಿಯನ್ನು ಓದಿರಿ. 45 ಅಥವಾ 65 ವ್ಯಾಟೆಂದಿದ್ದರೆ ಯಂತ್ರ ಮಿತಾಹಾರಿ. 180 ಅಥವಾ 230 ಎಂದಿದ್ದರೆ ಒಳಗೆ ಗ್ರಾಫಿಕ್ಸ್‌ಗೆ ಪ್ರತ್ಯೇಕ ಚಿಪ್ಪು ಕುಳಿತಿರುತ್ತದೆ. ಗೋಡೆಯಿಂದ ಒಳಕ್ಕೆ ಹೋದುದೆಲ್ಲ ಶಾಖವಾಗಿ ಹೊರಬರಲೇಬೇಕಷ್ಟೆ.

ಹೊರಬರುವ ದಾರಿ ಯಾವುದು? ಇದು ಈ ಯಂತ್ರದ ಅತ್ಯಂತ ಸೊಗಸಾದ ಭಾಗ. ಅಡುಗೆಮನೆಯಲ್ಲಿ ಇಡ್ಲಿ ಬೇಯುವುದನ್ನು ನೋಡಿದವರಿಗೆ ಅರ್ಥವಾಗುವಂಥದು. ಇಡ್ಲಿ ಪಾತ್ರೆಯ ತಳದಲ್ಲಿ ನೀರು ಕುದಿದು ಆವಿಯಾಗುವಾಗ ಗುಪ್ತೋಷ್ಣವನ್ನು ಹೊತ್ತುಕೊಳ್ಳುತ್ತದೆ. ಮೇಲಿನ ತಟ್ಟೆಗಳ ತಣ್ಣನೆಯ ಹಿಟ್ಟಿಗೆ ತಗುಲಿದೊಡನೆ ನೀರಾಗಿ ಆ ಶಾಖವನ್ನು ಅಲ್ಲಿ ಇಳಿಸುತ್ತದೆ. ಹನಿ ಮತ್ತೆ ತಳಕ್ಕೆ ಬೀಳುತ್ತದೆ. ಲ್ಯಾಪ್‌ಟಾಪಿನೊಳಗೆ ಚಪ್ಪಟೆಯಾದ ತಾಮ್ರದ ಕೊಳವೆಯೊಂದಿದೆ, ಅದನ್ನು ಉಷ್ಣನಾಳವೆನ್ನೋಣ. ಅದರಿಂದ ಗಾಳಿಯನ್ನು ಹೊರತೆಗೆದು, ಸ್ವಲ್ಪವೇ ನೀರನ್ನು ಬಿಟ್ಟು ಮುಚ್ಚಿರುತ್ತಾರೆ. ಒಳಗೆ ಗಾಳಿಯ ಒತ್ತಡವಿಲ್ಲದುದರಿಂದ 40-50 ಡಿಗ್ರಿಯಲ್ಲಿಯೇ ನೀರು ಭರದಿಂದ ಆವಿಯಾಗಬಲ್ಲುದು. ಪ್ರೊಸೆಸರಿನ ಮೇಲೆ ಕುಳಿತ ತುದಿಯಲ್ಲಿ ನೀರು ಆವಿಯಾಗುತ್ತದೆ. ಫ್ಯಾನಿನ ಬಳಿಯ ತಂಪು ತುದಿಯಲ್ಲಿ ಮತ್ತೆ ನೀರಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ಹನಿಯನ್ನು ಕೆಳಗಿಳಿಸುವುದು ಗುರುತ್ವ. ಇಲ್ಲಿ ಆ ಕೆಲಸವನ್ನು ಕೊಳವೆಯ ಒಳಮೈಗೆ ಬೆಸೆದ ತಾಮ್ರದ ಹುಡಿಯ ಸಂದುಗಳು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ, ಮಾಡುತ್ತವೆ. 45 ವ್ಯಾಟನ್ನು ಸಾಗಿಸಲು ಸೆಕೆಂಡಿಗೆ ಎಷ್ಟು ನೀರು ಆವಿಯಾಗಬೇಕು? ಈ ಉಷ್ಣತೆಯಲ್ಲಿ ಗ್ರಾಮಿಗೆ ಸುಮಾರು 2,400 ಜೌಲಿನ ಗುಪ್ತೋಷ್ಣವಿರುವುದರಿಂದ, ಒಂದು ಗ್ರಾಮಿನ ಐವತ್ತನೆಯ ಒಂದು ಪಾಲು ಸಾಕು! ಇಂಥ ನಾಳಕ್ಕೆ 1940ರ ದಶಕದಲ್ಲಿಯೇ ಗಾಗ್ಲರ್ ಎಂಬವನು ಪೇಟೆಂಟ್ ಪಡೆದಿದ್ದನು, ಯಾರೂ ಗಮನಿಸಲಿಲ್ಲ. 1963ರಲ್ಲಿ ಲಾಸ್ ಅಲಮೋಸಿನ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ರೂಪಿಸಿದ ಮೇಲೆ ಅದು ಮೊದಲು ಆಕಾಶನೌಕೆಗಳಿಗೂ ಬಳಿಕ ನಮ್ಮ ಮೇಜುಗಳಿಗೂ ಬಂದಿತು.

ನಾಳವು ಶಾಖವನ್ನು ತೆಳುವಾದ ಲೋಹದ ರೆಕ್ಕೆಗಳಿಗೆ ಒಪ್ಪಿಸುತ್ತದೆ. ಅಲ್ಲಿಂದ ಫ್ಯಾನಿನ ಗಾಳಿ ಅದನ್ನು ಹೊರಕ್ಕೆ ಒಯ್ಯುತ್ತದೆ. ಒಂದು ಲೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದುದು ಸುಮಾರು 1.2 ಜೌಲು. ಗಾಳಿ ಒಳಬಂದುದಕ್ಕಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಹೋಗುವುದಾದರೆ ಲೀಟರಿಗೆ 24 ಜೌಲು. 45 ವ್ಯಾಟಿಗೆ ನಿಮಿಷಕ್ಕೆ 110 ಲೀಟರಿಗೂ ಹೆಚ್ಚು ಗಾಳಿ ಬೇಕು. ಇಷ್ಟು ಗಾಳಿ ನುಸುಳಬೇಕಾದ ಕಿಂಡಿ ಯಂತ್ರದ ಅಡಿಯಲ್ಲಿದ್ದು, ಯಂತ್ರವನ್ನು ಹಾಸಿಗೆಯ ಮೇಲಿಟ್ಟರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಫ್ಯಾನಿನ ವೇಗವನ್ನು ಎರಡರಷ್ಟು ಮಾಡಿದರೆ ಗಾಳಿ ಎರಡರಷ್ಟಾಗುತ್ತದೆ. ಆದರೆ ಅದನ್ನು ತಿರುಗಿಸಲು ಬೇಕಾದ ಸಾಮರ್ಥ್ಯ ಎಂಟರಷ್ಟಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಅಗಲವಾದ ಫ್ಯಾನು ನಿಧಾನವಾಗಿ ತಿರುಗುವ, ಒಂದಿಷ್ಟು ದಪ್ಪನೆಯ ಯಂತ್ರ ಓದುವ ಕೋಣೆಗೆ ಹಿತವಾಗಿರುವುದು ಇದರಿಂದಲೇ.

ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅಂಥದು. ಇವು ಎಷ್ಟು ಶಾಖವನ್ನು ತಾಳಬಲ್ಲವು? 30 ಸೆಂಟಿಮೀಟರು ಉದ್ದ, 21 ಸೆಂಟಿಮೀಟರು ಅಗಲದ ಯಂತ್ರದ ಮೇಲ್ಮೈ, ತಳ ಎರಡೂ ಸೇರಿ ಸುಮಾರು 0.13 ಚದರ ಮೀಟರು. ನಿಂತ ಗಾಳಿಯಲ್ಲಿ ಸಂವಹನ, ವಿಕಿರಣಗಳೆರಡೂ ಸೇರಿ ಚದರ ಮೀಟರಿಗೆ, ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 10 ವ್ಯಾಟನ್ನು ಒಯ್ಯುತ್ತವೆ. ಮೈ ಕೋಣೆಗಿಂತ 10 ಡಿಗ್ರಿ ಹೆಚ್ಚು ಬಿಸಿಯಾಗಲು ಬಿಟ್ಟರೆ 13 ವ್ಯಾಟು. ತಳ ಮೇಜಿಗೆ ಹತ್ತಿರವಿರುವುದರಿಂದ ಅದರ ಪಾಲು ತಗ್ಗುತ್ತದೆ. 10 ವ್ಯಾಟೆಂದು ತಿಳಿದರೆ ಹೆಚ್ಚು ತಪ್ಪಾಗದು. ಬರೆಯುವುದು, ಓದುವುದು, ಪಾಠದ ಚಿತ್ರಗಳನ್ನು ನೋಡುವುದು, ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು - ಇವಕ್ಕೆ ಇಷ್ಟು ಧಾರಾಳ. ಗಂಟೆಗಟ್ಟಲೆ ನಡೆಯುವ ಎಂಜಿನಿಯರಿಂಗ್ ಲೆಕ್ಕಗಳಿಗೆ ಸಾಲದು.

ಇನ್ನು ಮುಟ್ಟಿದಾಗಿನ ಅನುಭವ. ಲೋಹದ ಮೈಯುಳ್ಳ ಲ್ಯಾಪ್‌ಟಾಪು ತಂಪೆಂದು ಅಂಗಡಿಯವರು ಹೇಳುತ್ತಾರೆ. ಕೈಯಿಟ್ಟು ನೋಡಿದರೆ ತಂಪಾಗಿಯೇ ಇರುತ್ತದೆ. ಆದರೆ ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಅಂಚಿನಲ್ಲಿ ಹಿಡಿಯುವ ನಾವು ಅದೇ ಕಾಫಿಯ ಪಿಂಗಾಣಿ ಬಟ್ಟಲನ್ನು ಅಷ್ಟೊಂದು ಹೆದರದೆ ಹಿಡಿಯುತ್ತೇವಲ್ಲವೆ? ಬೆರಳಿಗೆ ತಿಳಿಯುವುದು ವಸ್ತುವಿನ ಉಷ್ಣತೆಯಲ್ಲ, ಬೆರಳೂ ವಸ್ತುವೂ ಕೂಡಿದೆಡೆಯ ಉಷ್ಣತೆ. ವಸ್ತುವಿನ ವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ ಹೆಚ್ಚಿದ್ದಷ್ಟೂ ಕೂಡಿದೆಡೆಯ ಉಷ್ಣತೆ ಆ ವಸ್ತುವಿನ ಉಷ್ಣತೆಗೆ ಹತ್ತಿರವಾಗುತ್ತದೆ. ಈ ಸಂಖ್ಯೆ ಅಲ್ಯೂಮಿನಿಯಮಿಗೆ 24,000ದ ಸುಮಾರು, ಚರ್ಮಕ್ಕೆ 1,300ರ ಸುಮಾರು, ಪ್ಲಾಸ್ಟಿಕ್ಕಿಗೆ 600ರ ಸುಮಾರು. 33 ಡಿಗ್ರಿಯ ಅಂಗೈಯನ್ನು 48 ಡಿಗ್ರಿಯ ಅಲ್ಯೂಮಿನಿಯಮಿನ ಮೇಲಿಟ್ಟೊಡನೆ ಕೂಡಿದೆಡೆ 47 ಡಿಗ್ರಿಯಾಗುತ್ತದೆ. ಅದೇ 48 ಡಿಗ್ರಿಯ ಪ್ಲಾಸ್ಟಿಕ್ಕಿನ ಮೇಲಿಟ್ಟರೆ 38 ಮಾತ್ರ. ಇದು ಮೊದಲ ಕ್ಷಣಗಳ ಲೆಕ್ಕ. ಒಳಗಿನಿಂದ ಶಾಖ ಬರುತ್ತಲೇ ಇದ್ದರೆ ಪ್ಲಾಸ್ಟಿಕ್ಕೂ ಕ್ರಮೇಣ ಕಾಡುತ್ತದೆ. ಲೋಹದ ಪರವಾಗಿಯೂ ಒಂದು ಮಾತುಂಟು: ಅದು ಬಿಸಿಯನ್ನು ಒಂದೆಡೆ ನಿಲ್ಲಗೊಡದೆ ಹರಡುತ್ತದೆ. ಹಗುರ ಕೆಲಸದ, ಕಡಮೆ ವ್ಯಾಟಿನ ಯಂತ್ರಕ್ಕೆ ಲೋಹದ ಮೈ ಒಳ್ಳೆಯದು. ಹೆಚ್ಚು ವ್ಯಾಟಿನ ಯಂತ್ರದಲ್ಲಿ ಕೈಯೂರುವ ಜಾಗವಾದರೂ ಪ್ಲಾಸ್ಟಿಕ್ಕಿನದಾಗಿದ್ದರೆ ಮೇಲು.

ಇದು ಬರಿಯ ಸುಖದ ವಿಚಾರವಲ್ಲ. 1947ರಲ್ಲಿ ಮಾರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳ ಪ್ರಕಾರ ಚರ್ಮ 44 ಡಿಗ್ರಿಯಲ್ಲಿ ಸುಮಾರು ಆರು ಗಂಟೆ ಇದ್ದರೆ ಸುಟ್ಟ ಗಾಯವಾಗುತ್ತದೆ. ಉಷ್ಣತೆ ಏರಿದಂತೆ ಈ ಅವಧಿ ಬಹು ಬೇಗ ಕುಗ್ಗುತ್ತದೆ. ಸುಡದಷ್ಟು ಬಿಸಿಯೂ ದಿನದಿನವೂ ಒಂದೇ ಕಡೆ ತಗುಲುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದುಗೆಂಪು ಗೆರೆಗಳು ಮೂಡುತ್ತವೆ. ಚಳಿಗಾಲದಲ್ಲಿ ಕೆಂಡದ ಕಾಂಗ್ಡಿಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕಾಶ್ಮೀರದ ಜನರಲ್ಲಿ ವೈದ್ಯರು ಇದನ್ನು ಬಹುಕಾಲದಿಂದ ಕಂಡಿದ್ದಾರೆ. ದೀರ್ಘ ವರ್ಷಗಳ ಬಳಿಕ ಅಲ್ಲಿ ಕ್ಯಾನ್ಸರು ತಲೆದೋರುವುದನ್ನೂ ಕಂಡಿದ್ದಾರೆ. ಲ್ಯಾಪ್‌ಟಾಪು ಕಾಂಗ್ಡಿಯಷ್ಟು ಕ್ರೂರವಲ್ಲ. ಆದರೂ 2010ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು, ತಿಂಗಳುಗಟ್ಟಲೆ ದಿನವೂ ಕೆಲವು ಗಂಟೆ ಯಂತ್ರವನ್ನು ತೊಡೆಯ ಮೇಲಿಟ್ಟು ಆಟವಾಡಿದ 12 ವರ್ಷದ ಹುಡುಗನೊಬ್ಬನ ಎಡತೊಡೆಯಲ್ಲಿ ಇದೇ ಗುರುತನ್ನು ಕಂಡು ವರದಿಮಾಡಿದರು.

ನಮ್ಮ ಹವೆಯನ್ನೂ ಲೆಕ್ಕಕ್ಕೆ ತರಬೇಕು. ಅನೇಕ ತಯಾರಕರು ತಮ್ಮ ಯಂತ್ರವನ್ನು 35 ಡಿಗ್ರಿಯವರೆಗಿನ ಗಾಳಿಯಲ್ಲಿ ಬಳಸಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಹೊರಗಿನ ಗಾಳಿಗಿಂತ ಪ್ರೊಸೆಸರು 60 ಡಿಗ್ರಿ ಹೆಚ್ಚು ಬಿಸಿಯಾಗುವ ಯಂತ್ರವೊಂದನ್ನು ಊಹಿಸಿ. 25 ಡಿಗ್ರಿಯ ಕೋಣೆಯಲ್ಲಿ ಅದು 85. ಕಲಬುರಗಿಯ ಕೋಣೆಯಲ್ಲಿ 100. ಆ ಎಲ್ಲೆಯ ಸುಮಾರಿನಲ್ಲಿ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ಆವೃತ್ತಿಯನ್ನು ಇಳಿಸುತ್ತದೆ, ಯಂತ್ರ ಕುಂಟುತ್ತದೆ. ಬೆಂಗಳೂರಿನವರಿಗೆ ಬೇರೊಂದು ಸಣ್ಣ ತೊಡಕು: ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು, ಅದೇ ಫ್ಯಾನು ಅಷ್ಟು ಕಡಮೆ ಶಾಖವನ್ನು ಒಯ್ಯುತ್ತದೆ. ಆದರೆ ಊರಿನ ತಂಪು ಆ ನಷ್ಟವನ್ನು ತುಂಬಿಕೊಡುತ್ತದೆ. ಬಿಸಿಲ ನಾಡಿನ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ, ಒಂದು ಮೆಟ್ಟಲು ಕಡಮೆ ವ್ಯಾಟಿನ ಪ್ರೊಸೆಸರನ್ನು ಆರಿಸಿ, ಉಳಿದ ಹಣವನ್ನು ಮೆಮೊರಿಗೆ ಹಾಕಿರೆಂದು. ಕೊಂಡಾಗಿದ್ದರೆ, ಶಕ್ತಿ ಉಳಿಸುವ ಏರ್ಪಾಡನ್ನು ಆಯ್ದುಕೊಳ್ಳಿರಿ. ಹಿಂದೆ ಕಂಡ ಲೆಕ್ಕವನ್ನು ತಿರುಗಿಸಿ ನೋಡಿ: ಸ್ವಲ್ಪ ವೇಗವನ್ನು ಬಿಟ್ಟುಕೊಟ್ಟರೆ ಬಹಳ ಶಾಖ ಇಳಿಯುತ್ತದೆ.

ಅಂಗಡಿಯಲ್ಲಿ ಐದು ನಿಮಿಷ ಮುಟ್ಟಿ ನೋಡಿ ತೀರ್ಮಾನಿಸುವುದು ವ್ಯರ್ಥ. ಒಂದೂವರೆ ಕಿಲೋಗ್ರಾಮಿನ ಯಂತ್ರವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 1,300 ಜೌಲು ಬೇಕು. 20 ವ್ಯಾಟಿನಲ್ಲಿ ದುಡಿಯುವ ಯಂತ್ರ, ಒಂದಿಷ್ಟೂ ಶಾಖವನ್ನು ಹೊರಬಿಡದಿದ್ದರೂ, ಡಿಗ್ರಿಯೊಂದಕ್ಕೆ 65 ಸೆಕೆಂಡು ತೆಗೆದುಕೊಳ್ಳುತ್ತದೆ. ಐದು ನಿಮಿಷಕ್ಕೆ ಸರಾಸರಿ ಐದು ಡಿಗ್ರಿಯೂ ಏರದು; ಅದೂ ಹವಾನಿಯಂತ್ರಿತ ಅಂಗಡಿಯಲ್ಲಿ. ಅದೇ ಮಾದರಿಯನ್ನು ಒಂದು ಬೇಸಗೆ ಬಳಸಿದ ಸ್ನೇಹಿತನನ್ನೋ ಹಿರಿಯ ವಿದ್ಯಾರ್ಥಿಯನ್ನೋ ಹುಡುಕಿ, ಅರ್ಧ ಗಂಟೆ ದುಡಿಸಿದ ಬಳಿಕ ಮುಟ್ಟಿ ನೋಡುವುದು ಲೇಸು. ಕೀಲಿಮಣೆಯ ನಡುವೆ, ಅಂಗೈ ಊರುವಲ್ಲಿ, ತಳದಲ್ಲಿ - ಮೂರು ಕಡೆ ನೋಡಬೇಕು. ಬಿಸಿಗಾಳಿ ಯಾವ ಕಡೆ ಹೊರಬರುತ್ತದೆಂದು ಗಮನಿಸಿರಿ. ಬಲಬದಿಯಿಂದ ಬಂದರೆ ಮೌಸು ಹಿಡಿದ ಕೈಗೆ ದಿನವಿಡೀ ಬಿಸಿಗಾಳಿ; ತೆರೆಯ ಬುಡದಿಂದ ಹಿಂದಕ್ಕೆ ಹೋದರೆ ಉತ್ತಮ.

ಬ್ಯಾಟರಿಗೂ ಬಿಸಿ ಆಗದು. ಬಿಸಿಯೂ ಪೂರ್ಣ ಚಾರ್ಜೂ ಒಟ್ಟಿಗೆ ಕೂಡಿದಾಗ ಲಿಥಿಯಮ್ ಬ್ಯಾಟರಿ ಬೇಗ ಸೊರಗುತ್ತದೆ. ಸದಾ ಚಾರ್ಜರಿಗೆ ಸಿಕ್ಕಿಸಿಟ್ಟು ಬಳಸುವವರು, ಯಂತ್ರದಲ್ಲಿ ನೂರಕ್ಕೆ 80ಕ್ಕೆ ತಡೆಯುವ ಸೌಲಭ್ಯವಿದ್ದರೆ ಬಳಸಿಕೊಳ್ಳಬೇಕು.

ದುಬಾರಿ ಶೀತಕ ಪೀಠಗಳನ್ನು ಕೊಳ್ಳುವ ಮೊದಲು ಒಂದು ಅಗ್ಗದ ಪ್ರಯೋಗವನ್ನು ಮಾಡಿ ನೋಡಿರಿ. ಯಂತ್ರದ ಹಿಂಬದಿಯ ಎರಡು ಕಾಲುಗಳ ಅಡಿಯಲ್ಲಿ ಪೆನ್ಸಿಲಿನ ಗುರುತು ಅಳಿಸುವ ರಬ್ಬರಿನ ತುಂಡೊಂದನ್ನು ಇಟ್ಟು ಬೆರಳಿನಷ್ಟು ಎತ್ತರಿಸಿದರೆ, ತಳದ ಕಿಂಡಿಗೆ ಗಾಳಿ ಸಲೀಸಾಗಿ ಬರುತ್ತದೆ. ತೊಡೆಯ ಮೇಲಿಟ್ಟುಕೊಳ್ಳಲೇಬೇಕಾದಾಗ ನಡುವೆ ಪರೀಕ್ಷೆಗೆ ಒಯ್ಯುವ ರಟ್ಟಿನ ಹಲಗೆ ಇರಲಿ, ದಿಂಬು ಬೇಡ. ವರ್ಷಕ್ಕೊಮ್ಮೆ ಕಿಂಡಿಯೊಳಗಿನ ಧೂಳನ್ನೂ ಬಟ್ಟೆಯ ನಾರನ್ನೂ ತೆಗೆಸಬೇಕು; ಯಂತ್ರವನ್ನು ಆರಿಸಿ, ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಭರದಿಂದ ತಿರುಗದಂತೆ ಕಡ್ಡಿಯಿಂದ ತಡೆಹಿಡಿದು ಈ ಕೆಲಸ ಮಾಡತಕ್ಕದ್ದು.